ನಕಲಿ ಆಂಪ್, ಅಸಲಿ ಅಭ್ಯಾಸ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ನಾನು ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಕೊಂಡೆ. ಕೂಡಿಟ್ಟ ಈದಿ ಹಣ, ಮಾಮು ಅಂಗಡಿಯಲ್ಲಿ ಎರಡು ತಿಂಗಳು ಬಿಲ್ ಬರೆದಿದ್ದಕ್ಕೆ ಸಿಕ್ಕ ಹಣ ಎಲ್ಲ ಸೇರಿ 7,000 ರೂಪಾಯಿ ಆಯಿತು. ಆಮೇಲೆ ಎಂಟು ತಿಂಗಳು ಆ ಗಿಟಾರ್ ನಮ್ಮ ಮನೆಯ ಬೀರುವಿನ ಮೇಲೆ ಹಳೇ ಚಾದರ ಹೊದ್ದು ಮಲಗಿತ್ತು. ಅದು ಕೆಟ್ಟಿರಲಿಲ್ಲ, ಮನೆಯಲ್ಲಿ ಯಾರೂ ಬೇಡ ಅಂದಿರಲಿಲ್ಲ. ನಾನೇ ನುಡಿಸಲಿಲ್ಲ.

ಕಾರಣ ಒಂದು ಮಾತು. ನನ್ನ ಫೂಫಿಯ ಮಗ, ನಾವೆಲ್ಲ ಭಾಯಿ ಅಂತ ಕರೆಯುವವರು, ಬೆಂಗಳೂರಿನಲ್ಲಿ ಸೌಂಡ್ ಸಿಸ್ಟಂ ಬಾಡಿಗೆ ಕೊಡುವ ಕಡೆ ಕೆಲಸ ಮಾಡುತ್ತಾರೆ. ಗಿಟಾರ್ ನೋಡಿ ಖುಷಿಪಟ್ಟರು. "ಆಂಪ್ ಯಾವುದು?" ಎಂದು ಕೇಳಿದರು. ಮೊಬೈಲ್ ಆಪ್ ಹಾಕಿಕೊಂಡು ನುಡಿಸುತ್ತೇನೆ ಅಂದೆ. "ಅರೇ, ಅದೆಲ್ಲ ನಕ್ಲಿ. ವಾಲ್ವ್ ಆಂಪ್ ಇಲ್ಲದ ಎಲೆಕ್ಟ್ರಿಕ್ ಗಿಟಾರ್ ಅಂದರೆ ಹಾಲಿಲ್ಲದ ಖೀರು" ಅಂದರು. ಒಳ್ಳೆಯ ವಾಲ್ವ್ ಆಂಪ್ ಬೆಲೆ ನೋಡಿದೆ. 50,000 ರೂಪಾಯಿಗೂ ಮೇಲೆ. ಸರಿ, ದುಡಿಯುವ ಕಾಲ ಬಂದಾಗ ಅಸಲಿಯನ್ನೇ ಕೊಳ್ಳೋಣ, ಅಲ್ಲಿಯವರೆಗೆ ಕಾಯೋಣ ಎಂದುಕೊಂಡೆ.

ಈಗ ನನ್ನ ಅಭಿಪ್ರಾಯ ಬದಲಾಗಿದೆ. ಡಿಜಿಟಲ್ ಆಂಪ್ ಚೆನ್ನಾಗಿ ಕೇಳಿಸಬೇಕಾದರೆ ಅದು ಅಸಲಿಯ ನೂರಕ್ಕೆ ನೂರು ನಕಲಾಗಿರಬೇಕಿಲ್ಲ ಎಂಬುದು ನನ್ನ ವಾದ. ಸಂಗೀತ ಬೇಕೋ ಬೇಡವೋ ಎಂಬ ಚರ್ಚೆ ನಮ್ಮಲ್ಲಿ ಹಲವರ ಮನೆಗಳಲ್ಲಿ ಇದೆ. ಅದಕ್ಕೆ ಉತ್ತರ ಕೊಡುವಷ್ಟು ದೊಡ್ಡವನು ನಾನಲ್ಲ. ನಾನು ಹೇಳುವುದು "ಪೂರ್ತಿ ಸರಿಯಾದದ್ದು ಸಿಗುವವರೆಗೆ ಶುರು ಮಾಡುವುದಿಲ್ಲ" ಎಂಬ ರೋಗದ ಬಗ್ಗೆ. ಅದು ಗಿಟಾರ್ ಹಿಡಿಯದವರಿಗೂ ಇರುತ್ತದೆ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಎಲೆಕ್ಟ್ರಿಕ್ ಗಿಟಾರ್ ತಾನಾಗಿ ಹೆಚ್ಚು ಸದ್ದು ಮಾಡುವುದಿಲ್ಲ. ತಂತಿಯ ಕಂಪನ ಸಣ್ಣ ವಿದ್ಯುತ್ ಸಂಕೇತವಾಗಿ ಆಂಪ್ಲಿಫೈಯರ್‌ಗೆ ಹೋಗುತ್ತದೆ. ಹಳೇ ಆಂಪ್‌ಗಳಲ್ಲಿ ಗಾಜಿನ ವಾಲ್ವ್‌ಗಳಿದ್ದವು, ನಮ್ಮ ತಾತಂದಿರ ಕಾಲದ ರೇಡಿಯೋದಲ್ಲಿ ಇದ್ದಂಥವು. ಅವುಗಳ ಶಕ್ತಿ ಮೀರಿ ಸಂಕೇತ ಕೊಟ್ಟರೆ ಸದ್ದು ಒಡೆಯುತ್ತದೆ. ಆ ಒಡೆದ ಸದ್ದೇ ರಾಕ್ ಸಂಗೀತದ ಜೀವ. ಡಿಜಿಟಲ್ ಮಾಡೆಲಿಂಗ್ ಅಂದರೆ ಆ ಇಡೀ ವ್ಯವಸ್ಥೆ, ವಾಲ್ವ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಎಲ್ಲ ಮಾಡುವ ಕೆಲಸವನ್ನು ಗಣಿತದಿಂದ ಮಾಡುವುದು. ಲೈನ್ 6 ಕಂಪನಿಯ ಪಾಡ್ ಎಂಬ ಕೆಂಪು ಪೆಟ್ಟಿಗೆ 1998ರಲ್ಲಿ ಬಂದು ಇದನ್ನು ಮನೆಮನೆಗೆ ತಂದಿತು. ಈಗ ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ, ಮುಕ್ತ ತಂತ್ರಾಂಶ ಇದೆ. ಅಸಲಿ ಆಂಪ್‌ಗೆ ಕೆಲವು ನಿಮಿಷದ ಪರೀಕ್ಷಾ ಧ್ವನಿ ಕೊಟ್ಟು, ಹೊರಬಂದದ್ದನ್ನು ರೆಕಾರ್ಡ್ ಮಾಡಿ, ಎರಡನ್ನೂ ಹೋಲಿಸಿ ಕಂಪ್ಯೂಟರೇ ಕಲಿತುಕೊಳ್ಳುತ್ತದೆ.

ಕಲಿತದ್ದು ಎಷ್ಟು ಸರಿ ಎಂದು ಅಳೆಯಲು ಒಂದು ಸಂಖ್ಯೆ ಇದೆ. ಅಸಲಿ ಧ್ವನಿಗೂ ನಕಲಿಗೂ ಇರುವ ವ್ಯತ್ಯಾಸದ ಶಕ್ತಿಯನ್ನು ಅಸಲಿ ಧ್ವನಿಯ ಶಕ್ತಿಯಿಂದ ಭಾಗಿಸುತ್ತಾರೆ. 0 ಬಂದರೆ ಪೂರ್ತಿ ಸರಿ. ಮಾಡೆಲ್ ಏನೂ ಸದ್ದು ಮಾಡದೆ ಸುಮ್ಮನಿದ್ದರೆ 1 ಬರುತ್ತದೆ. 0.01 ಅಂದರೆ ತಪ್ಪಿನ ಶಕ್ತಿ ನೂರಕ್ಕೆ ಒಂದು ಪಾಲು. ಇನ್ನೂ ಕಡಿಮೆ, ಇನ್ನೂ ಕಡಿಮೆ ಎಂದು ಈ ಸಂಖ್ಯೆಯ ಹಿಂದೆ ಓಡುವವರು ಬಹಳ.

ಕಾಮರ್ಸ್ ವಿದ್ಯಾರ್ಥಿಗೆ ಇದನ್ನು ನೋಡಿದ ಕೂಡಲೇ ಟ್ರಯಲ್ ಬ್ಯಾಲೆನ್ಸ್ ನೆನಪಾಗಬೇಕು. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ಮೆಷಿನ್ ಕೊಂಡದ್ದನ್ನು ಸರಕು ಖರೀದಿ ಖಾತೆಗೆ ಬರೆದಿದ್ದರೂ ತಾಳೆಯಾಗುತ್ತದೆ. ಈ ಸಂಖ್ಯೆಯೂ ಹಾಗೆಯೇ, ಎರಡೂ ಕಡೆಯಿಂದ ಮೋಸ ಮಾಡುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಅಸಲಿ ಆಂಪ್‌ನ ಧ್ವನಿಯ ಅಲೆಯನ್ನು ತಲೆಕೆಳಗು ಮಾಡಿ, ಅಂದರೆ ಪ್ಲಸ್ ಇದ್ದಲ್ಲಿ ಮೈನಸ್, ಮೈನಸ್ ಇದ್ದಲ್ಲಿ ಪ್ಲಸ್. ವ್ಯತ್ಯಾಸ ಎರಡರಷ್ಟಾಗುತ್ತದೆ, ವರ್ಗ ಮಾಡಿದರೆ ನಾಲ್ಕರಷ್ಟು. ಸಂಖ್ಯೆಯ ಪ್ರಕಾರ ತಪ್ಪು ಶೇ. 400. ಏನೂ ಕಲಿಯದ, ಬಾಯಿ ಮುಚ್ಚಿಕೊಂಡ ಮಾಡೆಲ್‌ಗಿಂತ ನಾಲ್ಕು ಪಟ್ಟು ಕೆಟ್ಟದ್ದು! ಆದರೆ ಅದನ್ನೊಂದೇ ಕೇಳಿದರೆ ಕಿವಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನೊಂದು ಕಡೆ, ಕೇವಲ ಶೇ. 1ರಷ್ಟು ತಪ್ಪು ಸೊಳ್ಳೆಯ ಗುಂಯ್ ಸದ್ದಿನ ರೂಪದಲ್ಲಿ ಬಂದರೆ ತಲೆ ಚಿಟ್ಟುಹಿಡಿಯುತ್ತದೆ. ಅದಕ್ಕೇ ಫಿನ್‌ಲೆಂಡ್‌ನ ಆಲ್ಟೊ ವಿಶ್ವವಿದ್ಯಾಲಯದ ಸಂಶೋಧಕರು ಕಿವಿ ಹೇಗೆ ಕೇಳುತ್ತದೋ ಅದಕ್ಕೆ ತಕ್ಕಂತೆ ತೂಕ ಕೊಟ್ಟು ತಪ್ಪನ್ನು ಅಳೆಯುವ ಕೆಲಸ ಮಾಡಿದ್ದಾರೆ.

ಅಂದರೆ ಕೇಳಬೇಕಾದ ಪ್ರಶ್ನೆ "ತಪ್ಪು ಎಷ್ಟು?" ಎಂಬುದಲ್ಲ, "ತಪ್ಪು ಎಲ್ಲಿ?" ಎಂಬುದು. ನಮ್ಮ ಅಕೌಂಟೆನ್ಸಿ ಪಠ್ಯದಲ್ಲಿ ಇದಕ್ಕೆ ಹೆಸರೇ ಇದೆ, ಮೆಟೀರಿಯಾಲಿಟಿ. ಕಚೇರಿಗೆ ತಂದ ಪೆನ್ಸಿಲ್, ರಬ್ಬರ್ ಮುಂದಿನ ವರ್ಷವೂ ಉಳಿದಿರುತ್ತವೆ. ಶಾಸ್ತ್ರದ ಪ್ರಕಾರ ಅವು ಆಸ್ತಿ. ಆದರೂ ಯಾರೂ ಅವನ್ನು ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸುವುದಿಲ್ಲ, ಆ ವರ್ಷದ ಖರ್ಚು ಎಂದು ಬರೆದು ಮುಗಿಸುತ್ತಾರೆ. ಅದು ಸೋಮಾರಿತನವಲ್ಲ. ಲೆಕ್ಕ ಓದುವವನ ತೀರ್ಮಾನ ಅದರಿಂದ ಬದಲಾಗುವುದಿಲ್ಲ ಎಂಬ ತಿಳಿವಳಿಕೆ. ಆಡಿಟರ್ ಕೂಡ ತನ್ನ ವರದಿಯಲ್ಲಿ ಪೈಸೆ ಪೈಸೆಯೂ ಸರಿ ಎಂದು ಪ್ರಮಾಣ ಮಾಡುವುದಿಲ್ಲ. ಲೆಕ್ಕಗಳು ನಿಜವಾದ ಮತ್ತು ನ್ಯಾಯಯುತವಾದ ಚಿತ್ರ ಕೊಡುತ್ತವೆ ಎನ್ನುತ್ತಾನೆ. ಕೋಟಿಗಟ್ಟಲೆ ವ್ಯವಹಾರಕ್ಕೆ ಸಾಕಾಗುವ ಈ ಅಳತೆ ನನ್ನ 7,000 ರೂಪಾಯಿ ಗಿಟಾರ್‌ಗೆ ಸಾಲದೇ?

"ಅಸಲಿ" ಎನ್ನುವಾಗ ಯಾವ ಅಸಲಿ ಎಂದೂ ಕೇಳಬೇಕು. ಹಳೇ ಆಂಪ್‌ಗಳಲ್ಲಿ ಹಾಕಿದ ಕಾರ್ಬನ್ ರೆಸಿಸ್ಟರ್‌ಗಳ ಬೆಲೆಯಲ್ಲಿ ಶೇ. 10, ಶೇ. 20 ವ್ಯತ್ಯಾಸ ಮಾಮೂಲು. ಬೆಳ್ಳಿ ಬಣ್ಣದ ಪಟ್ಟಿ ಎಂದರೇನೆಂದು ಸೈನ್ಸ್ ವಿಭಾಗದವರನ್ನು ಕೇಳಿ, ಹೇಳುತ್ತಾರೆ. ವಾಲ್ವ್‌ಗಳು ಸವೆಯುತ್ತವೆ, ಸ್ಪೀಕರ್ ಕಾಗದ ಹಳೆಯದಾಗುತ್ತದೆ. ಒಂದೇ ಕಂಪನಿಯ, ಒಂದೇ ಮಾದರಿಯ, ಒಂದೇ ವರ್ಷದ ಎರಡು ಆಂಪ್‌ಗಳೇ ಒಂದರಂತೆ ಒಂದು ಕೇಳಿಸುವುದಿಲ್ಲ. ಕರೆಂಟಿನ ವೋಲ್ಟೇಜ್ ಬದಲಾದರೂ ಸದ್ದು ಬದಲಾಗುತ್ತದೆ. ಎಡ್ಡಿ ವ್ಯಾನ್ ಹೇಲನ್ ಎಂಬ ಪ್ರಸಿದ್ಧ ಗಿಟಾರ್ ವಾದಕ ಒಂದು ವೇರಿಯಾಕ್ ಇಟ್ಟು ತನ್ನ ಆಂಪ್‌ಗೆ ಹೋಗುವ ವೋಲ್ಟೇಜನ್ನು ಬೇಕೆಂದೇ ಸುಮಾರು 90ಕ್ಕೆ ಇಳಿಸುತ್ತಿದ್ದ, ಅಮೆರಿಕದಲ್ಲಿ ಮಾಮೂಲಿ ಇರುವುದು 120ರ ಹತ್ತಿರ. ಲೋ ವೋಲ್ಟೇಜ್ ನಮ್ಮ ಓಣಿಯಲ್ಲಿ ಪ್ರತಿ ಸಂಜೆ ಪುಕ್ಕಟೆ ಸಿಗುತ್ತದೆ, ಅದನ್ನೇ ಆತ ದುಡ್ಡು ಕೊಟ್ಟು ಮಾಡಿಕೊಂಡಿದ್ದ! ಹೀಗಿರುವಾಗ ನಕಲಿ ಮಾಡೆಲ್ ಯಾವ ದಿನದ, ಯಾವ ವೋಲ್ಟೇಜಿನ, ಯಾವ ಆಂಪ್‌ಗೆ ನೂರಕ್ಕೆ ನೂರು ತಾಳೆಯಾಗಬೇಕು?

ಇನ್ನೂ ಒಂದು ಸತ್ಯ ಒಪ್ಪಿಕೊಳ್ಳುತ್ತೇನೆ. ನಾನು ಇಷ್ಟರವರೆಗೆ ವಾಲ್ವ್ ಆಂಪನ್ನು ಎದುರಿಗೆ ನಿಂತು ಒಮ್ಮೆಯೂ ಕೇಳಿಲ್ಲ. ನಮ್ಮ ಊರಿನಲ್ಲಿ ಯಾರ ಹತ್ತಿರವೂ ಅದು ಇದ್ದಂತಿಲ್ಲ. ನಾನು ಕೇಳಿರುವುದೆಲ್ಲ ರೆಕಾರ್ಡಿಂಗ್. ಆಂಪ್ ಮುಂದೆ ಮೈಕ್ ಇಟ್ಟು, ಮಿಕ್ಸಿಂಗ್ ಮಾಡಿ, ಕುಗ್ಗಿಸಿದ ಫೈಲ್ ಆಗಿ, 300 ರೂಪಾಯಿ ಇಯರ್‌ಫೋನಿನಲ್ಲಿ ಕಿವಿಗೆ ಬಂದದ್ದು. ಬಹುಪಾಲು ಮಾಡೆಲ್‌ಗಳು ನಕಲು ಮಾಡುವುದೂ ಮೈಕ್ ಹಿಡಿದ ಆ ಸದ್ದನ್ನೇ, ಕೋಣೆಯಲ್ಲಿ ಕಾಲಿನ ಹತ್ತಿರ ಇಟ್ಟ ಪೆಟ್ಟಿಗೆಯ ಸದ್ದನ್ನಲ್ಲ. "ಕೋಣೆಯಲ್ಲಿ ಆಂಪ್ ಇದ್ದ ಹಾಗೆ ಇಲ್ಲ" ಎಂದು ಹಳಬರು ದೂರುವುದಕ್ಕೆ ಒಂದು ಕಾರಣ ಇದು. ಅವರ ದೂರು ನಿಜ. ಆದರೆ ಆ ದೂರನ್ನು ನಾನು ನನ್ನದಾಗಿ ಮಾಡಿಕೊಂಡು ಎಂಟು ತಿಂಗಳು ಕೂತಿದ್ದೆನಲ್ಲ, ಅದು ನಗೆಪಾಟಲು. ನೋಡದ ಊರಿನ ನೆನಪಿನಲ್ಲಿ ಅತ್ತಂತೆ.

ನಕಲು ತಪ್ಪಾದಾಗ ಏನಾಗುತ್ತದೆ ಎಂಬುದಕ್ಕೆ ಗಿಟಾರ್ ಚರಿತ್ರೆಯಲ್ಲೇ ದೊಡ್ಡ ಉದಾಹರಣೆ ಇದೆ. 1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್ ಎಂಬಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ ವಾದಕನ ವಾದ್ಯಗಳ ಅಂಗಡಿ ಇತ್ತು. ಅಂಗಡಿಗೆ ಬರುವ ಹುಡುಗರಿಗೆ ಅಮೆರಿಕದ ಫೆಂಡರ್ ಆಂಪ್ ಬೇಕು, ಆದರೆ ಆಮದು ಮಾಲಿನ ಬೆಲೆ ಕೈಗೆಟುಕುವಂತಿಲ್ಲ. ಮಾರ್ಷಲ್, ಅವನ ತಂತ್ರಜ್ಞ ಕೆನ್ ಬ್ರಾನ್, ಇನ್ನೊಂದು ಕಂಪನಿಯಲ್ಲಿ ಅಪ್ರೆಂಟಿಸ್ ಆಗಿದ್ದ ಡಡ್ಲಿ ಕ್ರೇವನ್ ಎಂಬ ಹುಡುಗ, ಇವರು ಸೇರಿ ಫೆಂಡರ್ ಬಾಸ್‌ಮನ್ ಆಂಪ್‌ನ ಸರ್ಕ್ಯೂಟ್ ನೋಡಿ ತಮ್ಮದೇ ಒಂದು ಆಂಪ್ ಮಾಡಿದರು. ಆದರೆ ಅಮೆರಿಕದ ಬಿಡಿಭಾಗಗಳು ಎಲ್ಲಿಂದ ಬರಬೇಕು? ಇಂಗ್ಲೆಂಡಿನಲ್ಲಿ ಸಿಕ್ಕಿದ್ದನ್ನು ಹಾಕಿದರು. ಮೊದಲ ಹಂತದ ವಾಲ್ವ್ ಬೇರೆ, ಅದು ಸದ್ದನ್ನು ಹೆಚ್ಚು ಎತ್ತುವಂಥದ್ದು. ಸ್ಪೀಕರ್ ಸೆಲೆಷನ್ ಕಂಪನಿಯದು. ಫೆಂಡರ್‌ನಲ್ಲಿ ಹಿಂಬದಿ ತೆರೆದ ಪೆಟ್ಟಿಗೆಯಲ್ಲಿ ಹತ್ತು ಇಂಚಿನ ನಾಲ್ಕು ಸ್ಪೀಕರ್ ಇದ್ದರೆ, ಇವರು ಮುಚ್ಚಿದ ಪೆಟ್ಟಿಗೆಯಲ್ಲಿ ಹನ್ನೆರಡು ಇಂಚಿನ ನಾಲ್ಕು ಸ್ಪೀಕರ್ ಇಟ್ಟರು. ನಕಲಿನ ಪರೀಕ್ಷೆ ಎಂದರೆ ಇದು ಫೇಲ್. ಆದರೆ ಆ ಗುರುಗುಟ್ಟುವ ಸದ್ದು ಹುಡುಗರಿಗೆ ಹಿಡಿಸಿತು. 1966ರಲ್ಲಿ ಜಾನ್ ಮೇಯಾಲ್ ತಂಡದಲ್ಲಿ ಎರಿಕ್ ಕ್ಲ್ಯಾಪ್ಟನ್ ಮಾರ್ಷಲ್ ಆಂಪ್ ಬಳಸಿ ಮಾಡಿದ ಧ್ವನಿಮುದ್ರಣದ ನಂತರ ಅದೇ ಎಲ್ಲರೂ ಬೆನ್ನು ಹತ್ತುವ ಅಸಲಿ ಸದ್ದಾಯಿತು. ಇವತ್ತು ಕಂಪ್ಯೂಟರ್ ಮುಂದೆ ಕುಳಿತವರು ನೂರಕ್ಕೆ ನೂರು ಹೊಂದಬೇಕೆಂದು ಬೆವರು ಸುರಿಸುವುದು ಒಂದು ತಪ್ಪು ನಕಲಿಗೆ ಹೊಂದಿಸಲು.

ನಮ್ಮ ಮನೆಯ ಭಾಷೆಯೂ ಇಂಥದ್ದೇ ಮಾತು ಕೇಳಿದೆ. ನಾವು ಮಾತಾಡುವ ದಖನಿ, ಅದರ "ಹೌ", "ನಕ್ಕೋ" ಕೇಳಿ ಉತ್ತರದ ಕಡೆಯವರು ಇದು ಸರಿಯಾದ ಉರ್ದು ಅಲ್ಲ ಎಂದು ನಗುತ್ತಾರೆ. ಆದರೆ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ ರಾಗಗಳ ಮೇಲೆ ಹಾಡು ಕಟ್ಟಿ 'ಕಿತಾಬ್-ಎ-ನವ್‌ರಸ್' ಬರೆದದ್ದು ಇದೇ ದಖನಿಯಲ್ಲಿ. ಯಾವುದೋ ಒಂದಕ್ಕೆ ಹೋಲಿಸಿ ಎಷ್ಟು ಕಡಿಮೆ ಎಂದು ಅಳೆಯುವ ಬದಲು, ಇದರಲ್ಲಿ ಏನು ಹೇಳಲು ಸಾಧ್ಯ ಎಂದು ನೋಡುವುದು ಒಳ್ಳೆಯದು.

ಹಾಗಂತ ಏನು ಕೊಟ್ಟರೂ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಕೆಲವು ತಪ್ಪುಗಳು ನಿಜಕ್ಕೂ ಮೆಟೀರಿಯಲ್. ನನ್ನ ಅನುಭವದಲ್ಲಿ ಮೂರು.

ಒಂದು, ತಡ. ತಂತಿ ಮೀಟಿದ ಮೇಲೆ ಸದ್ದು ಕಿವಿಗೆ ಬರಲು ಹಿಡಿಯುವ ಸಮಯ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡ್. ಮೂರು ಮೀಟರ್ ದೂರ ಆಂಪ್ ಇಟ್ಟು ನುಡಿಸುವವರೂ 9 ಮಿಲಿಸೆಕೆಂಡ್ ತಡವಾಗಿಯೇ ಕೇಳುತ್ತಾರೆ, ಅದರಿಂದ ತೊಂದರೆ ಇಲ್ಲ. ನನ್ನ ಹಳೇ ಮೊಬೈಲಿನಲ್ಲಿ ತಡ ಎಷ್ಟಿತ್ತೆಂದರೆ, ನಾನು ಮೀಟಿದ್ದು ಹತ್ತಾರು ಮೀಟರ್ ದೂರದ ಇನ್ನೊಂದು ಮನೆಯಲ್ಲಿ ಕೇಳಿಸಿದ ಹಾಗೆ. ತಾಳ ಹಿಡಿಯುವುದೇ ಸಾಧ್ಯವಿರಲಿಲ್ಲ. ಆಪಾಳ ಹಳೇ ಲ್ಯಾಪ್‌ಟಾಪಿಗೆ ಒಂದು ಸಣ್ಣ ಆಡಿಯೋ ಇಂಟರ್‌ಫೇಸ್ ಸೇರಿಸಿದ ಮೇಲೆ ಇದು ಸರಿಹೋಯಿತು.

ಎರಡು, ಕೈಗೆ ಸ್ಪಂದಿಸುವುದು. ಮೆತ್ತಗೆ ಮೀಟಿದರೆ ಸದ್ದು ತಿಳಿಯಾಗಬೇಕು, ಜೋರಾಗಿ ಮೀಟಿದರೆ ಒಡೆಯಬೇಕು, ಗಿಟಾರಿನ ವಾಲ್ಯೂಮ್ ಇಳಿಸಿದರೆ ಶುದ್ಧವಾಗಬೇಕು. ಎಷ್ಟು ಮೆಲ್ಲಗೆ ನುಡಿಸಿದರೂ ಒಂದೇ ರೀತಿ ಅರಚುವ ಮಾಡೆಲ್ ಕಲಿಯುವವನಿಗೆ ಕೆಟ್ಟ ಗುರು. ಅವನ ಬೆರಳು ಏನು ಮಾಡಿತೆಂದು ಅದು ಅವನಿಗೆ ಹೇಳುವುದೇ ಇಲ್ಲ.

ಮೂರು, ಡಿಜಿಟಲ್‌ನದೇ ಆದ ಕೊಳಕು. ಕಂಪ್ಯೂಟರ್ ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುತ್ತದೆ ಎಂದುಕೊಳ್ಳಿ. ಆಗ 24,000 ಹರ್ಟ್ಸ್‌ಗಿಂತ ಮೇಲಿನ ಸ್ವರಗಳಿಗೆ ಅದರಲ್ಲಿ ಜಾಗವಿಲ್ಲ. ಸದ್ದು ಒಡೆಯುವಾಗ ಅಂಥ ಮೇಲಿನ ಸ್ವರಗಳು ಹುಟ್ಟುತ್ತವೆ. ಜಾಗ ಸಿಗದೆ ಅವು ಮಡಚಿಕೊಂಡು ಕೆಳಗೆ ಬಂದು, ನುಡಿಸಿದ ರಾಗಕ್ಕೆ ಸಂಬಂಧವೇ ಇಲ್ಲದ ಅಪಸ್ವರವಾಗುತ್ತವೆ. ಯಾವ ವಾಲ್ವ್ ಆಂಪ್ ಕೂಡ ಹೀಗೆ ಮಾಡುವುದಿಲ್ಲ. ಒಳಗೆ ಇನ್ನೂ ಹೆಚ್ಚು ಸಲ ಅಳೆದು ಇದನ್ನು ತಗ್ಗಿಸುತ್ತಾರೆ. ಈ ತಪ್ಪನ್ನು ಕಿವಿ ಕ್ಷಮಿಸುವುದಿಲ್ಲ.

ಈ ಮೂರು ಸರಿ ಇದ್ದರೆ ಉಳಿದದ್ದು ಪೆನ್ಸಿಲ್, ರಬ್ಬರ್. ನಾನು ಒಂದು ದಿನ ಒಂದೇ ಆಂಪ್‌ನ ಎರಡು ಮಾಡೆಲ್ ತೆಗೆದುಕೊಂಡೆ. ಒಂದು ಬಹಳ ನಿಖರವಾದದ್ದು, ಇನ್ನೊಂದು ಕಡಿಮೆ ಶಕ್ತಿಯ ಕಂಪ್ಯೂಟರಿಗೆಂದು ಮಾಡಿದ ಚಿಕ್ಕದು. ನನ್ನ ಗಿಟಾರಿನ ಒಂದೇ ರೆಕಾರ್ಡಿಂಗನ್ನು ಎರಡರಲ್ಲೂ ಹಾಯಿಸಿ, ಯಾವುದು ಯಾವುದೆಂದು ಹೇಳದೆ ತಂಗಿಗೆ ಕೇಳಿಸಿದೆ. ಅವಳು ಎಂಟನೇ ಕ್ಲಾಸು, ಗಿಟಾರ್ ಬಗ್ಗೆ ಏನೂ ಗೊತ್ತಿಲ್ಲ. ಎರಡನ್ನೂ ಕೇಳಿ, "ಭಾಯಿ, ಎರಡರಲ್ಲೂ ಒಂದೇ ಜಾಗದಲ್ಲಿ ತಪ್ಪು ನುಡಿಸಿದ್ದೀಯಲ್ಲ?" ಅಂದಳು. ಮಾಡೆಲ್‌ಗಳ ನಡುವಿನ ವ್ಯತ್ಯಾಸ ಅವಳ ಕಿವಿಗೆ ಬೀಳಲೇ ಇಲ್ಲ. ನನ್ನ ಬೆರಳಿನ ತಪ್ಪು ಮೊದಲ ಸಲಕ್ಕೇ ಬಿತ್ತು.

ಭಾಯಿಯ ಪರವಾಗಿಯೂ ಒಂದು ಮಾತು ಹೇಳಬೇಕು. ನಿಖರತೆಯ ಹಿಂದೆ ಬಿದ್ದವರಿಂದಲೇ ನಮಗೆ ಇಷ್ಟು ಒಳ್ಳೆಯ ಸದ್ದು ಪುಕ್ಕಟೆ ಸಿಗುತ್ತಿರುವುದು. ಯಾರಾದರೂ "ಇಷ್ಟು ಸಾಕು" ಎಂದು 1998ರಲ್ಲೇ ನಿಲ್ಲಿಸಿದ್ದರೆ ನನ್ನ ಲ್ಯಾಪ್‌ಟಾಪಿನಲ್ಲಿ ಇವತ್ತಿನ ಸದ್ದು ಇರುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಹೋದ ವರ್ಷದ ಹಾಡಿಗೆ ಈ ವರ್ಷ ಒಂದು ಸಾಲು ಸೇರಿಸಬೇಕಾದವರಿಗೂ ತದ್ರೂಪ ಬೇಕು. ಹಾಗಾಗಿ ಮಾಡುವವರಿಗೆ ನಿಖರತೆ ಒಳ್ಳೆಯ ಗುರಿ. ನುಡಿಸುವವನಿಗೆ, ಅದರಲ್ಲೂ ಈಗತಾನೇ ಕಲಿಯುವವನಿಗೆ, ಅದು ಒಳ್ಳೆಯ ನೆಪ.

ನನ್ನಂಥವರಿಗೆ ಈ ನಕಲಿಯಿಂದ ಇನ್ನೊಂದು ಲಾಭವೂ ಇದೆ. ನಮ್ಮ ಮನೆಯಲ್ಲಿ ಎಂಟು ಜನ. ದಾದಿಗೆ ಇಶಾ ನಮಾಜ್ ಆದ ಮೇಲೆ ಸದ್ದು ಆಗಬಾರದು. ಅಬ್ಬಾ ಗಿಟಾರಿಗೆ ಒಪ್ಪಿದ್ದೇ "ಗೋಡೆಯಾಚೆಗೆ ಕೇಳಿಸಬಾರದು" ಎಂಬ ಷರತ್ತಿನ ಮೇಲೆ. ವಾಲ್ವ್ ಆಂಪ್ ಚೆನ್ನಾಗಿ ಕೇಳಿಸುವುದು ಜೋರಾಗಿ ಇಟ್ಟಾಗಲೇ. 50,000 ಕೊಟ್ಟು ತಂದಿದ್ದರೂ ನಮ್ಮ ಮನೆಯಲ್ಲಿ ಅದನ್ನು ಅದರ ಅಸಲಿ ಸದ್ದಿನಲ್ಲಿ ಒಂದು ದಿನವೂ ನುಡಿಸಲು ಆಗುತ್ತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡರೆ ರಾತ್ರಿ ಹತ್ತಕ್ಕೂ ಅಭ್ಯಾಸ ಮಾಡಬಹುದು, ಯಾರ ನಿದ್ದೆಯೂ ಕೆಡುವುದಿಲ್ಲ. ಹೆಡ್‌ಫೋನ್ ಅಂದರೆ ಕೀಳಲ್ಲ. ಮೆಟಾಲಿಕಾ ತಂಡ 2013ರ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕಾದಲ್ಲಿ ಕಾರ್ಯಕ್ರಮ ಕೊಟ್ಟಾಗ, ಅಲ್ಲಿನ ಪರಿಸರಕ್ಕೆ ಗದ್ದಲ ಆಗಬಾರದೆಂದು ಕೇಳುಗರೆಲ್ಲ ಹೆಡ್‌ಫೋನಿನಲ್ಲೇ ಕೇಳಿದರು.

ಎಕನಾಮಿಕ್ಸ್‌ನಲ್ಲಿ ಅವಕಾಶ ವೆಚ್ಚ ಎಂದು ಓದುತ್ತೇವೆ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟುಹೋದ ಮತ್ತೊಂದರ ಬೆಲೆ. ನಾನು ಅಸಲಿಗಾಗಿ ಕಾದ ಎಂಟು ತಿಂಗಳ ಅವಕಾಶ ವೆಚ್ಚ ದಿನಕ್ಕೆ ಅರ್ಧ ಗಂಟೆ ಎಂದರೂ 120 ಗಂಟೆ ಅಭ್ಯಾಸ. ಅದು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ, ಯಾರೂ ವಾಪಸ್ ಕೊಡುವುದೂ ಇಲ್ಲ. ನಮ್ಮ ಕ್ಲಾಸಿನಲ್ಲೇ ನೋಡಿ. ಒಳ್ಳೆಯ ಗೈಡ್ ಸಿಕ್ಕ ಮೇಲೆ ಓದುತ್ತೇನೆ ಎನ್ನುವವರಿದ್ದಾರೆ, ವ್ಯಾಕರಣ ಪೂರ್ತಿ ಬಂದ ಮೇಲೆ ಇಂಗ್ಲಿಷ್ ಮಾತಾಡುತ್ತೇನೆ ಎನ್ನುವವರಿದ್ದಾರೆ, ಒಳ್ಳೆಯ ಬ್ಯಾಟ್ ಬಂದ ಮೇಲೆ ಟೀಮಿಗೆ ಸೇರುತ್ತೇನೆ ಎನ್ನುವವರೂ ಇದ್ದಾರೆ. ಅವರೆಲ್ಲರ ಬೀರುವಿನ ಮೇಲೂ ಚಾದರ ಹೊದ್ದ ಏನೋ ಒಂದು ಮಲಗಿದೆ.

ಈ ಬಕ್ರೀದ್‌ಗೆ ಭಾಯಿ ಮನೆಗೆ ಬಂದಿದ್ದರು. ಹೆಡ್‌ಫೋನ್ ಅವರ ತಲೆಗೆ ಹಾಕಿ ನುಡಿಸಿ ತೋರಿಸಿದೆ. ಗಿಟಾರ್ ಕೈಗೆ ತೆಗೆದುಕೊಂಡು ತಾವೂ ಸ್ವಲ್ಪ ನುಡಿಸಿದರು, ವಾಲ್ಯೂಮ್ ಇಳಿಸಿ ಏರಿಸಿ ನೋಡಿದರು. "ಅಸಲಿ ಅಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಪರವಾಗಿಲ್ಲ. ಆದರೆ ನೀನು ಮೆಟ್ರೋನೋಮ್ ಹಾಕಿಕೊಂಡು ನುಡಿಸು, ಓಡ್ತಾ ಇದ್ದೀಯ" ಅಂದರು. ಈಗ ದಿನಾ ಹಾಗೇ ಮಾಡುತ್ತಿದ್ದೇನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ